ಗಾವಠಾಣದ ಗೆರೆ

ನಮ್ಮ ಕಂದಾಯ ದಾಖಲೆಗಳಲ್ಲಿ ಗ್ರಾಮಠಾಣಾ ಅನ್ನುತ್ತೇವಲ್ಲ, ಅದನ್ನೇ ಮರಾಠಿಯವರು ಗಾವಠಾಣ ಅನ್ನುತ್ತಾರೆ. ಊರಿನ ಮನೆಗಳು ಒತ್ತೊತ್ತಾಗಿ ನಿಂತಿರುವ ಜಾಗ. ಅದರ ಸುತ್ತ ಸರ್ವೆಯವರು ಯಾವುದೋ ಕಾಲದಲ್ಲಿ ಎಳೆದ ಒಂದು ಗೆರೆ. ಗೆರೆಯ ಒಳಗೆ ಮನೆ, ಹೊರಗೆ ಗದ್ದೆ. ಹಳ್ಳಿ ಹಳ್ಳಿಯಾಗಿಯೇ ಇರುವವರೆಗೆ ಈ ಗೆರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮಗನಿಗೆ ಮದುವೆಯಾದರೆ ಹಿತ್ತಲಲ್ಲಿ ಒಂದು ಕೋಣೆ ಏಳುತ್ತದೆ, ಇನ್ನೊಬ್ಬ ಮಗನಿಗೆ ಗದ್ದೆಯ ಬದಿಯಲ್ಲೊಂದು ಮನೆ. ಕೇಳುವವರು ಯಾರು? ಆದರೆ ಪಟ್ಟಣ ಬಂದ ದಿನ ಆ ಗೆರೆ ಗೋಡೆಗಿಂತ ಗಟ್ಟಿಯಾಗುತ್ತದೆ.

ಇದನ್ನು ನಾನು ಪುಸ್ತಕದಲ್ಲಿ ಓದಿ ತಿಳಿದದ್ದಕ್ಕಿಂತ ಹೆಚ್ಚಾಗಿ ನವಿ ಮುಂಬಯಿಯ ಒಂದು ಬ್ಯಾಂಕ್ ಶಾಖೆಯಲ್ಲಿ ಗೃಹಸಾಲದ ಫೈಲುಗಳನ್ನು ನೋಡುತ್ತ ತಿಳಿದೆ. ಮುಂಬಯಿ ಕನ್ನಡಿಗರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಸಂಘ, ನಾಟಕ, ಯಕ್ಷಗಾನ, ರಾತ್ರಿಶಾಲೆ, ಹೋಟೆಲು ಎಂದು ಬರೆಯುತ್ತಾರೆ. ಬರೆಯಬೇಕಾದದ್ದೇ. ಆದರೆ ಆ ನಾಟಕ ಮುಗಿಸಿ ರಾತ್ರಿ ಕೊನೆಯ ಗಾಡಿ ಹಿಡಿದು ಇವರೆಲ್ಲ ಮಲಗಲು ಎಲ್ಲಿಗೆ ಹೋದರು ಎಂಬುದೂ ಒಂದು ಚರಿತ್ರೆಯೇ. ಊರಿನಲ್ಲಿರುವ ಓದುಗರು ಅದನ್ನು ತಿಳಿದಿದ್ದರೆ ಒಳ್ಳೆಯದು. ಯಾಕೆಂದರೆ ಅಲ್ಲಿ ನಲವತ್ತು ವರ್ಷದ ಹಿಂದೆ ಆದದ್ದು ಈಗ ನಮ್ಮ ದೇವನಹಳ್ಳಿಯ ಕಡೆ, ಹುಬ್ಬಳ್ಳಿ ಧಾರವಾಡದ ನಡುವೆ, ಮಂಗಳೂರಿನ ಹೊರಗೆ ಆಗುತ್ತಿದೆ.

ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಅಲ್ಲಿಂದ ಹೊನ್ನಾವರ, ಕುಮಟಾ, ಭಟ್ಕಳದ ಕಡೆಯ ಓದಿದವರಿಗೆ ನೌಕರಿ ಎಂದರೆ ಮುಂಬಯಿ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಆಫೀಸಿನಲ್ಲಿ ಇಂಗ್ಲಿಷು ಎಂಬಂತೆ ಬದುಕಿದ ಚಿತ್ರಾಪುರ ಸಾರಸ್ವತರು ಹೀಗೆ ಗುಮಾಸ್ತರಾಗಿ, ವಕೀಲರಾಗಿ ಗಿರಗಾಂವದ ಚಾಳುಗಳಿಗೆ ಬಂದು ಸೇರಿದರು. 1896ರಲ್ಲಿ ಪ್ಲೇಗು ಬಂತು. ಗಾಳಿ ಬೆಳಕಿಲ್ಲದ ಚಾಳುಗಳೇ ರೋಗದ ಮನೆ ಎಂದು ಸರ್ಕಾರಕ್ಕೆ ಆಗ ಹೊಳೆಯಿತು. 1898ರಲ್ಲಿ ಬಾಂಬೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಹಳೆಯ ಕೇರಿ ಕೆಡವುವುದು, ಊರ ಅಂಚಿನ ಗದ್ದೆ ತೋಟಗಳಲ್ಲಿ ರಸ್ತೆ ಎಳೆದು ಬಡಾವಣೆ ಮಾಡುವುದು ಅದರ ಕೆಲಸ. ಆ ಬಡಾವಣೆಗಳಲ್ಲಿ ಒಂದು ಗಾಮದೇವಿ. ಹೆಸರೇ ಹೇಳುವಂತೆ ಅದು ಗ್ರಾಮದೇವಿಯ ಜಾಗ. ದೇವಿ ಉಳಿದಳು, ಗ್ರಾಮ ಹೋಯಿತು.

ಅಲ್ಲಿ 1915ರಲ್ಲಿ ರಾವ್ ಬಹದ್ದೂರ್ ಶ್ರೀಪಾದ ಸುಬ್ರಾವ್ ತಲ್ಮಕಿಯವರು ಕಟ್ಟಿದ ಸಾರಸ್ವತ ಕೋ-ಆಪರೇಟಿವ್ ಹೌಸಿಂಗ್ ಸೊಸೈಟಿಯನ್ನು ದೇಶದ ಮೊದಲ ಸಹಕಾರಿ ಗೃಹಸಂಘ ಎಂದು ಗುರುತಿಸುತ್ತಾರೆ. ಇದೇ ತಲ್ಮಕಿಯವರು 1906ರಲ್ಲಿ ಶಾಮರಾವ್ ವಿಠಲ್ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದ್ದರು. ನಾನು ಬ್ಯಾಂಕಿನವನಾದ್ದರಿಂದ ಈ ಎರಡು ಇಸವಿಗಳ ನಡುವಿನ ಅಂತರ ನನಗೆ ಅರ್ಥಪೂರ್ಣವಾಗಿ ಕಾಣುತ್ತದೆ. 1904ರ ಸಹಕಾರ ಕಾಯಿದೆ ಸಾಲದ ಸಂಘಗಳಿಗೆ ಮಾತ್ರ ಅವಕಾಶ ಕೊಟ್ಟಿತ್ತು. ಬೇರೆ ಉದ್ದೇಶದ ಸಂಘಗಳಿಗೆ ದಾರಿ ತೆರೆದದ್ದು 1912ರ ಕಾಯಿದೆ. ಮೂರೇ ವರ್ಷದಲ್ಲಿ ಇವರು ಮನೆಯ ಸಂಘ ಕಟ್ಟಿದರು. ಮೊದಲು ಒಟ್ಟಿಗೆ ಉಳಿಸುವ, ಸಾಲ ತೀರಿಸುವ ಅಭ್ಯಾಸ, ಆಮೇಲೆ ಒಟ್ಟಿಗೆ ಮನೆ. ಮನೆಗಳು ಸಂಘದ್ದು, ಸದಸ್ಯ ಷೇರುದಾರನೂ ಹೌದು, ಸಂಘದ ಬಾಡಿಗೆದಾರನೂ ಹೌದು. ಇದು ಬಡವರ ಯೋಜನೆಯಾಗಿರಲಿಲ್ಲ, ತಮ್ಮ ಜಾತಿಯ ಗುಮಾಸ್ತವರ್ಗಕ್ಕಾಗಿ ಮಾಡಿಕೊಂಡದ್ದು. ಆದರೂ ಕಡಿಮೆ ಸಂಬಳದವನಿಗೆ ಮನೆ ಹೇಗೆ ಎಂಬ ಪ್ರಶ್ನೆಗೆ ಕಾಗದಪತ್ರವೇ ಉತ್ತರ, ಇಟ್ಟಿಗೆ ಸಿಮೆಂಟು ಆಮೇಲಿನ ಮಾತು ಎಂಬುದನ್ನು ಅವರು ಕಂಡುಕೊಂಡಿದ್ದರು.

ಅವರ ನಂತರ ಬಂದ ನಮ್ಮವರಿಗೆ ಆ ಭಾಗ್ಯ ಇರಲಿಲ್ಲ. 1947ರ ಬಾಡಿಗೆ ನಿಯಂತ್ರಣ ಕಾಯಿದೆಯ ನಂತರ ಹಳೆಯ ಬಾಡಿಗೆದಾರ ಜಾಗ ಬಿಡುವುದಿಲ್ಲ, ಮಾಲೀಕ ಹೊಸದಾಗಿ ಬಾಡಿಗೆಗೆಂದು ಕಟ್ಟುವುದಿಲ್ಲ. ಖೋಲಿ ಬೇಕಾದರೆ ಪಗಡಿ ಕೊಡಬೇಕು. ಹೋಟೆಲಿನ ಹುಡುಗರು ಹೋಟೆಲಿನ ಬೆಂಚಿನ ಮೇಲೆಯೇ ಮಲಗಿದರು, ಮಿಲ್ಲಿನವರು ಪಾಳಿಯ ಪ್ರಕಾರ ಒಂದೇ ಚಾಪೆ ಹಂಚಿಕೊಂಡರು. ಸಂಸಾರ ಊರಿನಲ್ಲಿ, ಸಂಬಳ ಮುಂಬಯಿಯಲ್ಲಿ. ಮನಿಯಾರ್ಡರಿನ ಆ ಕಾಲವನ್ನು ಕರಾವಳಿಯ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ.

1965ರಲ್ಲಿ ‘ಮಾರ್ಗ್’ ಪತ್ರಿಕೆಯ ಒಂದು ಸಂಚಿಕೆಯಲ್ಲಿ ಚಾರ್ಲ್ಸ್ ಕೊರೆಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ಎಂಬ ಮೂವರು, ಮುಂಬಯಿ ಉತ್ತರಕ್ಕೆ ಉದ್ದವಾಗುತ್ತ ಹೋಗುವುದರ ಬದಲು ಖಾರಿಯ ಆಚೆ ಪೂರ್ವಕ್ಕೆ ದಾಟಲಿ, ಅಲ್ಲೊಂದು ಹೊಸ ನಗರ ಆಗಲಿ ಎಂದು ಸೂಚಿಸಿದರು. 1970ರಲ್ಲಿ ಸಿಡ್ಕೋ ಎಂಬ ನಿಗಮ ಸ್ಥಾಪನೆಯಾಯಿತು. ಠಾಣೆ ಮತ್ತು ಆಗಿನ ಕೊಲಾಬಾ ಜಿಲ್ಲೆಯ 95 ಹಳ್ಳಿಗಳು, ಸುಮಾರು 344 ಚದರ ಕಿಲೋಮೀಟರ್ ನೆಲ. 1973ರಲ್ಲಿ ಠಾಣೆ ಖಾರಿಗೆ ಸೇತುವೆಯಾಯಿತು. ರೈಲು ಬರಲು ಮಾತ್ರ ಇನ್ನೂ ಹತ್ತೊಂಬತ್ತು ವರ್ಷ: ವಾಶಿಗೆ 1992ರಲ್ಲಿ, ಬೇಲಾಪುರಕ್ಕೆ ಮರುವರ್ಷ.

ಯೋಜನೆಯ ಲೆಕ್ಕ ಸರಳವಾಗಿತ್ತು. ಗದ್ದೆಯ ಬೆಲೆಗೆ ನೆಲ ಕೊಂಡು, ರಸ್ತೆ ನೀರು ಒದಗಿಸಿ, ನಗರದ ಬೆಲೆಗೆ ಮಾರಬೇಕು. ನಡುವಿನ ಲಾಭದಿಂದ ಬಡವರಿಗೆ ಮನೆ, ಶಾಲೆ, ರಸ್ತೆ. ಸಾಲದಾತನ ಕಣ್ಣಿನಿಂದ ನೋಡಿದರೆ ಇದಕ್ಕಿಂತ ಅಚ್ಚುಕಟ್ಟಾದ ಪ್ರಾಜೆಕ್ಟ್ ರಿಪೋರ್ಟ್ ಇಲ್ಲ. ಗದ್ದೆಯವನ ಕಣ್ಣಿನಿಂದ ನೋಡಿದರೆ ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ.

ಕೊರೆಯಾ ಸಿಡ್ಕೋದ ಆರಂಭದ ವರ್ಷಗಳಲ್ಲಿ ಅದರ ಮುಖ್ಯ ವಾಸ್ತುಶಿಲ್ಪಿಯಾಗಿದ್ದರು. ಬೆಂಗಳೂರಿನವರಿಗೆ ಅವರನ್ನು ಪರಿಚಯಿಸುವುದು ಸುಲಭ: ಅಂಬೇಡ್ಕರ್ ವೀಧಿಯ ವಿಶ್ವೇಶ್ವರಯ್ಯ ಸೆಂಟರ್ ಅವರದ್ದು, ಜಕ್ಕೂರಿನ ಜವಾಹರಲಾಲ್ ನೆಹರೂ ವಿಜ್ಞಾನ ಕೇಂದ್ರದ ಆವರಣವೂ ಅವರದ್ದೇ. ಆದರೆ ನನಗೆ ಆ ಎಲ್ಲ ದೊಡ್ಡ ಕಟ್ಟಡಗಳಿಗಿಂತ ಬೇಲಾಪುರದ ಸಣ್ಣ ಮನೆಗಳೇ ಹೆಚ್ಚು. 1980ರ ದಶಕದ ನಡುವೆ, ಪಾರಸಿಕ್ ಗುಡ್ಡದ ಬುಡದಲ್ಲಿ, ಬೇಲಾಪುರದ ಹಳೆಯ ಊರುಗಳ ಸೀಮೆಯಲ್ಲಿ ಸಿಡ್ಕೋಗಾಗಿ ಅವರು ಮಾಡಿದ ಬಡಾವಣೆ ಅದು. ಒಂದಷ್ಟು ಮನೆ ಕಲಾವಿದರಿಗೆ ಹೋದದ್ದರಿಂದ ಜನ ಅದನ್ನು ಆರ್ಟಿಸ್ಟ್ ವಿಲೇಜ್ ಅಂತಲೇ ಕರೆಯುತ್ತಾರೆ.

ಅದರ ನಕ್ಷೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ನಿವೇಶನಗಳು ಸಣ್ಣವು. 45 ಚದರ ಮೀಟರಿನಿಂದ ಸುಮಾರು 75ರವರೆಗೆ. ನಮ್ಮ ಲೆಕ್ಕದಲ್ಲಿ 484 ಚದರಡಿಯಿಂದ 807. ಅಂದರೆ ನಮ್ಮ ಊರಿನ 20x30 ಸೈಟು, 600 ಚದರಡಿ, ಇದರ ನಡುವೆಯೇ ಬರುತ್ತದೆ. ಬಡವನದ್ದಕ್ಕೂ ಇದ್ದವನದ್ದಕ್ಕೂ ನೆಲದ ವ್ಯತ್ಯಾಸ ಇಷ್ಟೇ, ಎರಡು ಪಟ್ಟು ಕೂಡ ಇಲ್ಲ. ಮೇಲೆ ಕಟ್ಟುವುದರಲ್ಲಿ ವ್ಯತ್ಯಾಸವಿರಲಿ: ಒಬ್ಬನದ್ದು ಇಳಿಜಾರು ಮಾಡಿನ ಒಂದು ಕೋಣೆ, ಇನ್ನೊಬ್ಬನದ್ದು ಮಹಡಿ ಮನೆ. ನಾಳೆ ಮೊದಲನೆಯವನ ಕೈಯಲ್ಲಿ ಹಣ ಬಂದರೆ ಅವನ ನೆಲವೂ ಮಹಡಿಗೆ ಸಾಕು.

ಏಳು ಮನೆ ಸೇರಿ ಒಂದು ಅಂಗಳ, ಎಂಟು ಮೀಟರಿಗೆ ಎಂಟು ಮೀಟರ್. ಅಂಥ ಮೂರು ಗುಂಪು, ಅಂದರೆ 21 ಮನೆ ಸೇರಿ ಇನ್ನೊಂದು ಅಂಗಳ, 12x12. ಅಂಥ ಮೂರು ಸೇರಿದರೆ ಸುಮಾರು 20x20ರ ಮೂರನೆಯ ಬಯಲು. ಆಮೇಲೆ ಶಾಲೆ, ಅಂಗಡಿ, ಮಳೆನೀರು ಹರಿದುಹೋಗುವ ಒಂದು ಹಳ್ಳ. ಹಳೆಯ ಅಭ್ಯಾಸದಿಂದ ನಾನಿದನ್ನು ತಲಾವಾರು ಹಂಚಿ ನೋಡಿದೆ. ಮೊದಲ ಅಂಗಳದಲ್ಲಿ ಮನೆಯೊಂದಕ್ಕೆ 9 ಚದರ ಮೀಟರ್, ಎರಡನೆಯದರಲ್ಲಿ ಸುಮಾರು 7, ಮೂರನೆಯದರಲ್ಲಿ 6 ಚಿಲ್ಲರೆ. ಒಟ್ಟು 22 ಚದರ ಮೀಟರ್. 45 ಮೀಟರಿನ ನಿವೇಶನದವನಿಗೆ ತನ್ನ ನೆಲದ ಅರ್ಧದಷ್ಟು ಜಾಗ ಹೊರಗೆ, ಹಂಚಿಕೊಂಡ ರೂಪದಲ್ಲಿ, ಸಿಕ್ಕಿತು. ಮಗು ಆಡುವುದು, ಹಪ್ಪಳ ಒಣಗಿಸುವುದು, ಮದುವೆ ಚಪ್ಪರ, ಸಂಜೆಯ ಹರಟೆ, ಎಲ್ಲವೂ ಅಲ್ಲಿ. ಇಷ್ಟಾಗಿಯೂ ಒಂದು ಹೆಕ್ಟೇರಿಗೆ 500 ಜನ ಎಂಬ ಲೆಕ್ಕ. ಬಹುಮಹಡಿ ಕಟ್ಟದೆ ಅಷ್ಟು ಜನರನ್ನು ಕೂರಿಸಲಾಗದು ಎನ್ನುವವರಿಗೆ ಕೊರೆಯಾ ಕೊಟ್ಟ ಉತ್ತರ ಇದು.

ಇನ್ನೊಂದು ಸಂಗತಿ ನೋಡುವುದಕ್ಕೆ ಚಿಕ್ಕದು, ಮಹತ್ವದಲ್ಲಿ ದೊಡ್ಡದು. ಯಾವ ಎರಡು ಮನೆಗೂ ಗೋಡೆ ಹಂಚಿಕೆಯಿಲ್ಲ. ಸಾಲುಮನೆಯಾಗಿದ್ದರೆ ಇಟ್ಟಿಗೆ ಖರ್ಚು ಉಳಿಯುತ್ತಿತ್ತು. ಆದರೆ ಸಾಲುಮನೆಯಲ್ಲಿ ನೀವು ಮಾಡು ತೆಗೆದು ಮಹಡಿ ಎಬ್ಬಿಸಲು ಪಕ್ಕದವನನ್ನು ಕೇಳಬೇಕು, ಅವನ ಗೋಡೆ ಬಿರಿದರೆ ಜಗಳ. ಇಲ್ಲಿ ಹಾಗಿಲ್ಲ. ನೆರೆಯವನ ನಿವೇಶನಕ್ಕೆ ತಾಗಿದ ಕಡೆ ಕಿಟಕಿ ಇಡಬಾರದು ಎಂಬ ಕಟ್ಟುಪಾಡು ಮಾತ್ರ. ಕಕ್ಕಸುಗಳನ್ನು ಜೋಡಿಯಾಗಿ ಕೂರಿಸಿ ಕೊಳವೆಯ ಖರ್ಚು ಉಳಿಸಿದರು. ಕಟ್ಟುವ ವಿಧಾನವೂ ಊರ ಮೇಸ್ತ್ರಿಗೆ ಗೊತ್ತಿದ್ದದ್ದೇ: ಇಟ್ಟಿಗೆ ಗೋಡೆ, ಮರ, ಹಂಚು. ಮನೆ ಎಂದರೆ ಮುಗಿದ ವಸ್ತುವಲ್ಲ, ಸಂಸಾರದ ಜೊತೆ ಬೆಳೆಯುವಂಥದ್ದು ಎಂಬುದು ಇದರ ಮೂಲ ಲೆಕ್ಕ. ಇದರಲ್ಲಿ ಹೊಸದೇನೂ ಇಲ್ಲ ಎಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದರು. ನಿಜ. ಸರ್ಕಾರಿ ನಿಗಮವೊಂದು ಅದನ್ನು ಒಪ್ಪಿ ನಕ್ಷೆಯಲ್ಲಿ ಬರೆದದ್ದು ಹೊಸದು.

ಆದರೆ ಬೆಳೆಯುವ ಮನೆಗೆ ಬೆಳೆಯುವ ಸಾಲ ಬೇಕಲ್ಲ? ಅದು ಇರಲಿಲ್ಲ. ಆ ಕಾಲದಲ್ಲಿ ಹುಡ್ಕೋ ನಿಗಮಗಳಿಗೆ ಕೊಡುತ್ತಿತ್ತು, 1977ರಿಂದ ಎಚ್‌ಡಿಎಫ್‌ಸಿ ಸಂಬಳದಾರರಿಗೆ ಕೊಡುತ್ತಿತ್ತು, ನ್ಯಾಷನಲ್ ಹೌಸಿಂಗ್ ಬ್ಯಾಂಕ್ ಬಂದದ್ದೇ 1988ರಲ್ಲಿ. ವಾಣಿಜ್ಯ ಬ್ಯಾಂಕುಗಳು ಗೃಹಸಾಲಕ್ಕೆ ಮನಸ್ಸಿಟ್ಟು ಇಳಿದದ್ದು ತೊಂಬತ್ತರ ದಶಕದ ಕೊನೆಗೆ. ನಮ್ಮ ಪದ್ಧತಿ ಹೀಗಿತ್ತು: ಮಂಜೂರಾದ ನಕ್ಷೆ ತನ್ನಿ, ಎಂಜಿನಿಯರನ ಅಂದಾಜುಪಟ್ಟಿ ತನ್ನಿ. ಪ್ಲಿಂತ್ ಆದರೆ ಒಂದು ಕಂತು, ಲಿಂಟಲ್ ಆದರೆ ಒಂದು, ಸ್ಲ್ಯಾಬ್ ಬಿದ್ದರೆ ಒಂದು. ಇದು ಒಂದೇ ಸಲಕ್ಕೆ ಮುಗಿಯುವ ಮನೆಗೆ ಹೊಲಿದ ಅಂಗಿ. ಈ ವರ್ಷ ಒಂದು ಕೋಣೆ, ಮಗಳ ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಇನ್ನೊಂದು, ಎಂಬುವನಿಗೆ ಅದರಲ್ಲಿ ಕಾಲಂ ಇರಲಿಲ್ಲ.

ಕುಂದಾಪುರದ ಕಡೆಯವರೊಬ್ಬರು ಒಂದು ಕಾರ್ಖಾನೆಯ ಕ್ಯಾಂಟೀನ್ ನಡೆಸುತ್ತಿದ್ದರು. ಅಂಥದೇ ಒಂದು ಸಣ್ಣ ನಿವೇಶನದ ಮನೆಯನ್ನು ಮೊದಲ ಹಂಚಿಕೆದಾರನಿಂದ ಕೊಂಡಿದ್ದರು. ಮೇಲೊಂದು ಕೋಣೆ ಎಬ್ಬಿಸಲು ಸಾಲ ಕೇಳಿ ಬಂದರು. ಫೈಲಿನಲ್ಲಿ ಏನು ಬೇಕೋ ಅದೆಲ್ಲ ಇತ್ತು: ಸಿಡ್ಕೋದ 60 ವರ್ಷದ ಲೀಸ್, ವರ್ಗಾವಣೆ ಪತ್ರ, ಅಡಮಾನಕ್ಕೆ ಎನ್‌ಒಸಿ. ಆಗಿನ ಬಡ್ಡಿ ಶೇಕಡ 13ರ ಆಸುಪಾಸು. ಅದನ್ನು ಹೇಳಿದಾಗ ಅವರು ನಕ್ಕರು. “ಸಾರ್, ನಿಮ್ಮ ಬಡ್ಡಿ ಕೇಳಿ ಹೆದರೂದಿಲ್ಲ. ಖೋಲಿಗೆ ಪಗಡಿ ಕೊಟ್ಟವ ನಾನು. ಅದಕ್ಕೆ ರಶೀದಿಯೂ ಇಲ್ಲ ಮಾರಾಯ್ರೇ. ಇದಕ್ಕೆ ಒಂದು ಕಾಗದ ಉಂಟಲ್ಲ, ಅಷ್ಟು ಸಾಕು” ಅಂದರು. ಸಾಲ ಮಂಜೂರಾಯಿತು. ಕೋಣೆ ಎದ್ದಿತು, ಊರಿನಿಂದ ತಾಯಿ ಬಂದರು.

ಅದೇ ತಿಂಗಳುಗಳಲ್ಲಿ ಇನ್ನೊಬ್ಬರು ಬರುತ್ತಿದ್ದರು. ಪಕ್ಕದ ಹಳ್ಳಿಯ ಆಗ್ರಿ ಜಾತಿಯ ಹಿರಿಯರು. ಆಗ್ರಿ ಎಂದರೆ ಆಗರದವರು, ಉಪ್ಪಿನ ಆಗರ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಆಗರ ನೋಡಿದವರಿಗೆ ಈ ಶಬ್ದ ಬಿಡಿಸಿ ಹೇಳಬೇಕಾಗಿಲ್ಲ. ಖಾರಿಯ ದಂಡೆಯಲ್ಲಿ ಉಪ್ಪು, ಒಳಗೆ ಭತ್ತ, ಇದು ಅವರ ಬದುಕು. ಜೊತೆಗೆ ಮೀನು ಹಿಡಿಯುವ ಕೋಲಿಗಳು. ನವಿ ಮುಂಬಯಿ ಎದ್ದದ್ದು ಹೆಚ್ಚಾಗಿ ಇವರ ನೆಲದ ಮೇಲೆ. ಈ ಹಿರಿಯರ ಮನೆ ಗಾವಠಾಣದ ಗೆರೆಯ ಮೇಲೆಯೇ ಇತ್ತು: ಮುಂದಿನ ಕೋಣೆ ಒಳಗೆ, ಮಕ್ಕಳಿಗಾಗಿ ಕಟ್ಟಿದ ಹಿಂದಿನ ಭಾಗ ಹೊರಗೆ. ಹೊರಗಿನದು ದಾಖಲೆಯಲ್ಲಿ ಸಿಡ್ಕೋದ ನೆಲ. ಒಳಗಿನದಕ್ಕಾದರೂ ಕಾಗದ ಕೊಡಿ ಎಂದರೆ, ಸಿಟಿ ಸರ್ವೆ ಆಗಿಲ್ಲ, ಪ್ರಾಪರ್ಟಿ ಕಾರ್ಡ್ ಇಲ್ಲ, ಮನೆಪಟ್ಟಿ ಕಟ್ಟಿದ ರಶೀದಿ ಮಾತ್ರ. ನಮ್ಮ ಪ್ಯಾನೆಲ್ ವಕೀಲರು ಎರಡು ಸಾಲು ಬರೆದು ವಾಪಸ್ ಕಳಿಸಿದರು. ನಿಯಮದ ಪ್ರಕಾರ ಅವರು ಬರೆದದ್ದು ಸರಿ. ಆ ಹಿರಿಯರು ಕೋಪ ಮಾಡಲಿಲ್ಲ. “ಸಾಹೇಬ, ಹೊರಗಿನಿಂದ ಬಂದವನಿಗೆ ಸಾಲ ಸಿಗ್ತದೆ, ನೆಲ ನಮ್ಮದಾಗಿತ್ತು” ಎಂದು ಮರಾಠಿಯಲ್ಲಿ ಹೇಳಿ ಎದ್ದರು. ಹೊರಗಿನಿಂದ ಬಂದವರಲ್ಲಿ ಕೌಂಟರಿನ ಈಚೆ ಕೂತ ನಾನೂ ಒಬ್ಬ.

ಬೇಲಾಪುರದ ನಕ್ಷೆಯನ್ನು ಹೊಗಳಿ ಬರೆದ ವಾಸ್ತುಶಿಲ್ಪದ ಬರಹಗಳಲ್ಲಿ ಈ ಗೆರೆಯ ಮಾತು ನನಗೆ ಕಂಡದ್ದು ಕಡಿಮೆ. ಸಂಸಾರದ ಜೊತೆ ಮನೆ ಬೆಳೆಯುತ್ತದೆ ಎಂಬ ಸತ್ಯವನ್ನು ಹೊಸಬರ ನಿವೇಶನಕ್ಕೆ ಬರೆದುಕೊಟ್ಟರು. ಕಲ್ಲೆಸೆತದ ದೂರದಲ್ಲಿ ಅದೇ ಸತ್ಯವನ್ನು ತಲೆತಲಾಂತರದಿಂದ ಬದುಕಿದ ಊರಿನವರಿಗೆ ಅದು ಅತಿಕ್ರಮಣವಾಯಿತು. ಯೋಜನೆ ಮಾಡುವಾಗ ಹಳ್ಳಿಗಳ ಸುತ್ತ ಬೆಳವಣಿಗೆಗೆ ಜಾಗ ಬಿಡಬೇಕು ಎಂಬ ಮಾತು ಇರಲಿಲ್ಲವೆಂದಲ್ಲ. ಮಾತು ಇತ್ತು. ಆದರೆ ಗೆರೆ ಹೊರಗೆ ಸರಿದು, ಅಳತೆಯಾಗಿ, ಒಬ್ಬೊಬ್ಬನ ಹೆಸರಿನಲ್ಲಿ ಹಕ್ಕಿನ ಕಾಗದ ಹುಟ್ಟಲಿಲ್ಲ.

ಸಿಟ್ಟು ಮೊದಲೇ ಸಿಡಿದಿತ್ತು. ನಾವಾಶೇವಾ ಬಂದರಿಗಾಗಿ ನೆಲ ತೆಗೆದುಕೊಳ್ಳುವಾಗ, ರೈತ ನಾಯಕ ದಿ. ಬಾ. ಪಾಟೀಲರ ಮುಂದಾಳತ್ವದಲ್ಲಿ ಉರಣ್ ತಾಲೂಕಿನಲ್ಲಿ ನಡೆದ ಚಳವಳಿಯ ಮೇಲೆ 1984ರ ಜನವರಿ 16 ಮತ್ತು 17ರಂದು ಪೊಲೀಸರ ಗುಂಡು ಹಾರಿ ಐವರು ಸತ್ತರು. ಆ ಹೋರಾಟದ ಫಲವೇ ‘ಸಾಡೇಬಾರಾ ಟಕ್ಕೆ’. ತೆಗೆದುಕೊಂಡ ನೆಲದ ಶೇಕಡ ಹನ್ನೆರಡೂವರೆಯಷ್ಟನ್ನು ಅಭಿವೃದ್ಧಿಪಡಿಸಿದ ನಿವೇಶನವಾಗಿ ಮೂಲ ರೈತನಿಗೆ ವಾಪಸ್ ಕೊಡುವ ಯೋಜನೆ. 1990ರ ದಶಕದಲ್ಲಿ ಜಾರಿಗೆ ಬಂತು. ಅದರಲ್ಲೂ ಸಾರ್ವಜನಿಕ ಸೌಕರ್ಯಕ್ಕೆಂದು ಕಳೆದು ಕೈಗೆ ಬಂದದ್ದು ಶೇಕಡ 8.75.

ದೇಶದಲ್ಲಿ ನೆಲ ಕಳೆದುಕೊಂಡವರಿಗೆ ಸಿಕ್ಕ ಒಳ್ಳೆಯ ಒಪ್ಪಂದಗಳಲ್ಲಿ ಇದೂ ಒಂದು ಎಂದು ನಾನು ಹೇಳುತ್ತೇನೆ. ಹಣ ಖರ್ಚಾಗಿ ಹೋಗುತ್ತದೆ, ನಗರದೊಳಗಿನ ನಿವೇಶನದ ಬೆಲೆ ಏರುತ್ತದೆ. ಆದರೆ ನಿವೇಶನ ಸಿಕ್ಕ ರೈತನ ಬಳಿ ಕಟ್ಟಲು ಹಣವಿರಲಿಲ್ಲ. ಬ್ಯಾಂಕು ಕೊಡುತ್ತಿರಲಿಲ್ಲ, ಹಂಚಿಕೆಯೋ ವರ್ಷಗಟ್ಟಲೆ ತಡ. ಆದ್ದರಿಂದ ಅನೇಕರು ಕೈಗೆ ಬರುವ ಮೊದಲೇ ಬಿಲ್ಡರನಿಗೆ ಬರೆದುಕೊಟ್ಟರು. ನೆರುಳ್, ಕೋಪರ್‌ಖೈರಣೆ, ಖಾರ್‌ಘರ್ ಕಡೆ ಸಾಲಾಗಿ ನಿಂತ ನಾಲ್ಕು ಅಂತಸ್ತಿನ ಕಟ್ಟಡಗಳಲ್ಲಿ ಬಹಳಷ್ಟು ಈ ನಿವೇಶನಗಳ ಮೇಲಿನವು. ನಮ್ಮ ಗುಮಾಸ್ತರು, ಮೇಷ್ಟ್ರುಗಳು, ಹೋಟೆಲಿನ ಮ್ಯಾನೇಜರುಗಳು ಒಂದು ರೂಮು ಅಡುಗೆಮನೆಯ ಫ್ಲ್ಯಾಟ್ ಕೊಂಡು ಮೊದಲ ಸಲ ಮುಂಬಯಿ ಸೀಮೆಯಲ್ಲಿ ‘ನಮ್ಮನೆ’ ಎಂದದ್ದು ಇವುಗಳಲ್ಲಿ.

ಅದಕ್ಕೂ ಶಕ್ತಿಯಿಲ್ಲದವರು? ಸಪ್ಲೈಯರು, ವಾಚ್‌ಮನ್ನು, ರಿಕ್ಷಾದವರು, ಮನೆಗೆಲಸದ ಹೆಂಗಸರು? ಕಲಬುರಗಿ, ವಿಜಾಪುರ ಕಡೆಯಿಂದ ಬಂದು ಈ ನಗರದ ರಸ್ತೆ ಅಗೆದ, ಕಾಂಕ್ರೀಟು ಹೊತ್ತ ನಮ್ಮ ಜನ? ಅವರು ಹೋದದ್ದು ಗಾವಠಾಣಕ್ಕೆ. ಹಳ್ಳಿಯವರು ಗೆರೆಯ ಒಳಗೂ ಹೊರಗೂ ಮೂರು ನಾಲ್ಕು ಮಹಡಿ ಎಬ್ಬಿಸಿ ಖೋಲಿ ಬಾಡಿಗೆಗೆ ಕೊಟ್ಟರು. ಗದ್ದೆ ಹೋದವನಿಗೆ ಬಾಡಿಗೆಯೇ ಬೆಳೆ. ಒಪ್ಪಿಗೆ ನಕ್ಷೆ ಇಲ್ಲ, ಓಣಿಯಲ್ಲಿ ಬೆಳಕಿಲ್ಲ, ಎದುರು ಮನೆಯ ಕಿಟಕಿಗೆ ಕೈ ತಾಗುತ್ತದೆ. ಆದರೂ ಕಡಿಮೆ ದುಡಿಮೆಯವನಿಗೆ ಸ್ಟೇಷನ್ನಿನ ಹತ್ತಿರ ತಲೆ ಮೇಲೊಂದು ಮಾಡು ಕೊಟ್ಟದ್ದು ಇದೇ. ನಗರದ ‘ಅಗ್ಗದ ಮನೆ’ ಯೋಜನೆಯಲ್ಲಿ ಮೊದಲ ಸಾಲಿನಲ್ಲಿ ಬರೆಯಬೇಕಾದವರನ್ನು ಕೊನೆಗೆ ಕೂರಿಸಿಕೊಂಡದ್ದು, ಯೋಜನೆಯೇ ಇಲ್ಲದ ಹಳ್ಳಿಯಂಚು.

ಅದರ ಅಪಾಯವೂ ದೊಡ್ಡದು. ಹಳ್ಳಿಯವರ ಅಗತ್ಯದ ಮನೆ ಎಲ್ಲಿ ಮುಗಿಯಿತು, ದಲ್ಲಾಳಿಯ ಕಟ್ಟಡ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟವಾಯಿತು. ದಿಘಾದಲ್ಲಿ ಸಿಡ್ಕೋ ಮತ್ತು ಕೈಗಾರಿಕಾ ನಿಗಮದ ನೆಲದ ಮೇಲೆ ಎದ್ದ 99 ಅನಧಿಕೃತ ಕಟ್ಟಡಗಳ ಪ್ರಕರಣ ಹೈಕೋರ್ಟಿಗೆ ಹೋಗಿ, 2015ರಲ್ಲಿ ಕೆಡವಲು ಶುರುವಾಯಿತು. ಉಳಿತಾಯವೆಲ್ಲ ಸುರಿದು ಫ್ಲ್ಯಾಟ್ ಕೊಂಡವರು, ಕೈಯಲ್ಲಿ ನೋಟರಿಯ ಕಾಗದ ಹಿಡಿದು ರಸ್ತೆಗೆ ಬಂದರು. ಇತ್ತ ಮೂಲ ಹಳ್ಳಿಗರ ‘ಗರಜೇಪೋಟಿ’ ಮನೆಗಳನ್ನು, ಅಂದರೆ ಅಗತ್ಯಕ್ಕಾಗಿ ಕಟ್ಟಿಕೊಂಡವನ್ನು, ಸಕ್ರಮ ಮಾಡುತ್ತೇವೆ ಎಂದು ಸರ್ಕಾರ ಒಂದಕ್ಕಿಂತ ಹೆಚ್ಚು ಸಲ ಆದೇಶ ಹೊರಡಿಸಿತು, 2022ರದ್ದು ಅವುಗಳಲ್ಲೊಂದು. ನೆಲ ಹೋದ ಐವತ್ತು ವರ್ಷದ ಮೇಲೂ ಗೆರೆ ಎಲ್ಲಿ ಎಂಬ ಚರ್ಚೆ.

ಕೊರೆಯಾರ ಮನೆಗಳು ಏನಾದವು ಎಂದು ಓದುಗರು ಕೇಳಬಹುದು. ಬೆಳೆದವು. ಅವರು ಊಹಿಸಿದ್ದಕ್ಕಿಂತ ಹೆಚ್ಚೇ ಬೆಳೆದವು ಎನ್ನಬೇಕು. ಹಂಚಿನ ಮಾಡು ಹೋಗಿ ಎಷ್ಟೋ ಕಡೆ ಆರ್‌ಸಿಸಿ ಬಂದಿದೆ, ಮೊದಲ ರೂಪದಲ್ಲಿ ಉಳಿದ ಮನೆಗಳನ್ನು ಹುಡುಕಿ ನೋಡಬೇಕು. ಬೆಳೆದ ಮನೆಗಳಲ್ಲಿ ಈಗ ಇರುವವರನ್ನು ಬಡವರು ಎನ್ನಲಾಗದು. ರೈಲು ಬಂದ ಮೇಲೆ ಅಂಥ ನೆಲ ಬಡವನ ಕೈಯಲ್ಲಿ ಉಳಿಯುವುದು ಕಷ್ಟ, ಮಾರಿ ಹೋಗುವುದೂ ಅವನ ಹಕ್ಕೇ. ಕೆಲವು ಅಂಗಳಗಳಲ್ಲಿ ತುಳಸಿಕಟ್ಟೆ, ಕಲ್ಲುಹಾಸು, ಹೂವಿನ ಕುಂಡ. ಕೆಲವು ಬರೀ ಕಾರು ನಿಲ್ಲಿಸುವ ಜಾಗ. ಏಳು ಮನೆಯವರು ಮಾತಾಡಿಕೊಂಡು ಗುಡಿಸುವಷ್ಟರ ಅಂಗಳ ಚೆನ್ನಾಗಿ ಉಳಿದಿದೆ, ಯಾರದ್ದೂ ಅಲ್ಲದಷ್ಟು ದೊಡ್ಡದಾದಂತೆ ಕಳೆ ಹೆಚ್ಚು ಎಂಬುದು ನಾನು ಕಂಡದ್ದು. ಆದರೆ ಮನೆ ಎಷ್ಟೇ ಎತ್ತರವಾದರೂ ಅಂಗಳದ ಎಂಟು ಮೀಟರ್ ಬಹುಮಟ್ಟಿಗೆ ಎಂಟೇ ಉಳಿದಿದೆ. ನಿವೇಶನದ ಗಡಿ ಕಾಗದದಲ್ಲಿತ್ತು. ಅದು ಇಲ್ಲದ ಗಾವಠಾಣದಲ್ಲಿ ಬಾವಿಕಟ್ಟೆ, ಕಣ, ಗೂಡೆ ಒಣಗಿಸುವ ಬಯಲು, ಒಂದೊಂದೇ ಗೋಡೆಗಳ ಅಡಿಗೆ ಹೋದವು.

ನಮ್ಮ ಕಡೆಯ ಮಾತಿಗೆ ಬರೋಣ. ಊರಿಗೆ ಹೋದಾಗ ಹಳ್ಳಿಯಂಚಿನ ಆಶ್ರಯ ಬಡಾವಣೆಗಳನ್ನು ನೋಡುತ್ತೇನೆ. ಊರಿನಿಂದ ಅರ್ಧ ಮೈಲಿ ಆಚೆ, ಹೆಚ್ಚಾಗಿ ಯಾರಿಗೂ ಬೇಡವಾದ ಗೋಮಾಳದ ಮೂಲೆಯಲ್ಲಿ, 20x30 ಸೈಟುಗಳ ನೇರ ಸಾಲು, ನಡುವೆ ಸಾಲಿನಷ್ಟೇ ನೇರ ರಸ್ತೆ. ಅಳತೆ ಬೇಲಾಪುರದ್ದೇ, ಆದರೆ ರಸ್ತೆ ಬಿಟ್ಟರೆ ಹೊರಗಿನ ಜಾಗ ಎಂಬುದಿಲ್ಲ. ಅದೇ ರಸ್ತೆಯ ನೆಲವನ್ನು ಕೂಡಿಸಿ ಕಳೆದು ಜೋಡಿಸಿದರೆ ಏಳು ಮನೆಗೊಂದು ಅಂಗಳ ಸಿಗುತ್ತದೆ ಎಂದು ಒಬ್ಬ ಪಂಚಾಯತಿ ಎಂಜಿನಿಯರಿಗೆ ಕಾಗದದ ಮೇಲೆ ಗೀಚಿ ತೋರಿಸಿದ್ದೆ. “ಚೆನ್ನಾಗಿದೆ ಸಾರ್, ಆದ್ರೆ ನಮ್ಮ ಮಾದರಿ ನಕ್ಷೆಯಲ್ಲಿ ಇಲ್ಲ” ಅಂದರು. ಅವರ ಮಾತಿನಲ್ಲಿ ನನ್ನ ಶಾಖೆಯ ಧ್ವನಿ ಕೇಳಿದಂತಾಯಿತು.

ಆದರೆ ಕಾಗದದ ವಿಷಯದಲ್ಲಿ ನಮ್ಮಲ್ಲಿ ಒಳ್ಳೆಯದೂ ಆಗಿದೆ. ದಾಖಲೆಯಿಲ್ಲದ ತಾಂಡಾ, ಹಟ್ಟಿಗಳನ್ನು ಕಂದಾಯ ಗ್ರಾಮ ಮಾಡುವ ಕೆಲಸ ನಡೆದು, 2023ರ ಜನವರಿಯಲ್ಲಿ ಮಳಖೇಡದಲ್ಲಿ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಹಂಚಿದರು. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಗ್ರಾಮಠಾಣಾದ ಮನೆಮನೆಯ ನಕ್ಷೆ ತೆಗೆದು ಪ್ರಾಪರ್ಟಿ ಕಾರ್ಡ್ ಕೊಡುತ್ತಿದ್ದಾರೆ. ಆ ಆಗ್ರಿ ಹಿರಿಯರ ಕೈಯಲ್ಲಿ ಆಗ ಇಲ್ಲದಿದ್ದ ಕಾಗದ ಇದೇ. ಬೆಂಗಳೂರಿನ ಸುತ್ತ ಇದು ತಡವಾಯಿತು. ನಗರ ನುಂಗಿದ ಹಳ್ಳಿಗಳಲ್ಲಿ ‘ಬಿ’ ಖಾತೆ ಎಂಬ ಅರ್ಧ ಕಾಗದದ ಮೇಲೆ ಲಕ್ಷಾಂತರ ಜನ ಮನೆ ಕಟ್ಟಿ ಕೂತಿದ್ದಾರೆ, ಅಕ್ರಮ ಸಕ್ರಮಕ್ಕೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು.

ಇನ್ನೂ ನಗರ ತಲುಪದ ಊರುಗಳಲ್ಲಿ ಸಮಯವಿದೆ. ಬಡಾವಣೆಯ ಅಧಿಸೂಚನೆ ಹೊರಡುವ ಮೊದಲು ಊರಿನ ಸುತ್ತ ಒಂದು ತಲೆಮಾರಿನ ಮನೆಗಳಿಗೆ ಸಾಕಾಗುವಷ್ಟು ನೆಲ ಅಳೆದು, ಗ್ರಾಮಠಾಣಾದ ಗೆರೆಯನ್ನು ಹೊರಗೆ ಸರಿಸಿ, ಊರಿನವರ ಹೆಸರಿಗೂ ಹೊಸದಾಗಿ ಬರುವ ಬಡವರ ಹೆಸರಿಗೂ ಅದರಲ್ಲಿ ಸಣ್ಣ ಸಣ್ಣ ನಿವೇಶನ ಬರೆಯಬಹುದು. ಅದರ ಖರ್ಚು ಸರ್ವೆಯವನ ಸರಪಳಿ, ಉಪನೋಂದಣಿ ಕಚೇರಿಯ ಶುಲ್ಕ, ಒಂದಷ್ಟು ಚರಂಡಿ, ನೀರಿನ ಕೊಳವೆ. ಮಹಡಿ ಎಬ್ಬಿಸುವ ಕೆಲಸ ಅವರು ಮಾಡಿಕೊಳ್ಳುತ್ತಾರೆ. ಮಾಡು ತೆಗೆದು ಸ್ಲ್ಯಾಬ್ ಹಾಕಿಸಲು ಸಾಲ ಬೇಕೆಂದು ಯಾವುದಾದರೂ ಶಾಖೆಗೆ ಬಂದಾಗ, ಮೇಜಿನ ಮೇಲೆ ಇಡಲು ಒಂದು ಕಾಗದ ಇರುತ್ತದೆ.